ಯಾವ ಮನೆಯವರು?

ನಗರಪಾಲಿಕೆಯ ಕ್ಯಾಮೆರಾ ವಿಭಾಗದ ರಮಾಮಣಿ ಮೇಡಂ ಅವರಿಗೆ ಸಂಘಮಿತ್ರಳ ನಮಸ್ಕಾರ.

ನಿನ್ನೆ ನೀವು ಫೋನ್ ಮಾಡಿ, "ಕುವೆಂಪುನಗರ ಬಸ್ ಸ್ಟಾಪಿನ ಕ್ಯಾಮೆರಾದಲ್ಲಿ ನೀವಿದ್ದೀರಂತೆ. ಆ ವಿಡಿಯೊ ಕೇಳ್ಕೊಂಡು ನಿಮ್ಮ ಮನೆಯವರು ಬಂದಿದ್ರು" ಎಂದಾಗ, ಫೋನನ್ನು ಕಿವಿಗಿಟ್ಟುಕೊಂಡೇ ನಾನು ಬಟ್ಟೆಗಳನ್ನು ಬ್ಯಾಗಿಗೆ ತುಂಬತೊಡಗಿದ್ದೆ. "ಕೊಟ್ಟಿಲ್ಲ ಕಣಮ್ಮ. ಅದರಲ್ಲಿರೋದು ನಿಮ್ಮ ಮುಖ. ನೀವು ಒಪ್ಪದೆ ಕೊಡೋ ಹಾಗಿಲ್ಲ" ಎಂದಿರಿ. ಬ್ಯಾಗಿನ ಪಕ್ಕದಲ್ಲೇ ಕೂತುಬಿಟ್ಟೆ. ರಾತ್ರಿ, ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಬರೆದು ಕೊಡಿ ಎಂದಿದ್ದಿರಿ. ನಾನು ಒಪ್ಪುವುದಿಲ್ಲ. ಮನೆ ಬಿಟ್ಟು ಬಂದ ದಿನ ನಾನು ಯಾವ ಆಟೊ ಹತ್ತಿದೆ, ಅದು ಯಾವ ಕಡೆ ತಿರುಗಿತು ಎಂಬುದು ಅವರಿಗೆ ಗೊತ್ತಾಗಬಾರದು. ಅಳಿಸುವ ದಿನ ಬಂದಾಗ ಆ ವಿಡಿಯೊ ಅಳಿಸಿಬಿಡಿ. ಉತ್ತರವನ್ನು ಹಳೆಯ ವಿಳಾಸಕ್ಕೆ ಕಳಿಸಬೇಡಿ. ಫೋನ್ ಮಾಡಿದರೆ ಸಾಕು. ಅವರ ಏಟಿಗೆ ಮುರಿದಿದ್ದ ಕೈ ಕೂಡಿಕೊಂಡಿದೆ, ಮತ್ತೆ ಹೊಲಿಗೆಗೆ ಕೂತಿದ್ದೇನೆ.

ಇನ್ನೊಂದು ವಿನಂತಿ. ಗಂಡನನ್ನು ಮನೆಯವರು ಎನ್ನುವುದು ನನಗೂ ರೂಢಿಯಾಗಿತ್ತು. ಮುಂದೆ ಯಾರಾದರೂ ಬಂದು ಸಂಘಮಿತ್ರಳ ಮನೆಯವರು ಎಂದರೆ, ಯಾವ ಮನೆ ಎಂದು ಕೇಳಿ. ನನ್ನ ಮನೆಯವಳು ಈಗ ನಾನೊಬ್ಬಳೇ.

ನಿಮ್ಮನ್ನು ಮರೆಯದ,
ಸಂಘಮಿತ್ರ