ಗೊಣಗಜ್ಜನ ಎಡಗೈ

ಮಾರ್ಚ್ ೧೧, ಮಂಗಳವಾರ

ಮುನಿಸಿಕೊಂಡು ಹೊರಟುಹೋದ ನನ್ನ ಯಜಮಾನರಿಗೆ,

ಚೆನ್ನಾಗಿದ್ದೀರಿ ಎಂದು ಮಗಳಿಂದ ತಿಳಿಯಿತು. ಬೀರು, ಬಾಗಿಲು ಮಾಡುವ ಆ ಕಾರ್ಖಾನೆಯಲ್ಲಿ ನಿಮಗೆ ಒಳ್ಳೆಯ ಹೆಸರಂತೆ. ಇರಲೇಬೇಕು. ಬಾಗಿಲು ಹೇಳಿದಂತೆ ಕೇಳುತ್ತದೆ, ಎದುರು ಮಾತಾಡುವುದಿಲ್ಲ, ನಿಮಗೆ ಹೇಳಿ ಮಾಡಿಸಿದ ಕೆಲಸ. ಕೋಪ ಮಾಡಿಕೊಳ್ಳಬೇಡಿ. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಸ್ವಲ್ಪವೂ ಚುಚ್ಚದಿದ್ದರೆ ಇದು ನನ್ನದೇ ಕಾಗದ ಎಂದು ನಿಮಗೆ ನಂಬಿಕೆ ಬರುವುದಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಆಯ್ತಾಯ್ತು ಅಂತ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು.

ವಿಷಯ ನಮ್ಮ ಗೊಣಗಜ್ಜನದು. ನೀವು ಹೋದ ಮೇಲೆ ಆ ಗೊಂಬೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯೋಣ ಅನ್ನಿಸಿತ್ತು. ಅವನು ಒಬ್ಬರ ಕೈಗೆ ಬಗ್ಗುವವನೇ ಅಲ್ಲವಲ್ಲ. ತಲೆ, ಬಾಯಿ, ಬಲಗೈ ನನ್ನದು, ಎಡಗೈ ನಿಮ್ಮದು. ಭುಜಕ್ಕೆ ಭುಜ ತಾಗಿಸಿ ನಿಂತು, ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡ ಮೇಲೆಯೇ ಅವನು ಕದಲಬೇಕು. ಮದುವೆಯಾದಂದಿನಿಂದ ಹಾಗೆಯೇ ಆಡಿಸಿದೆವು. ಹೀಗಿರುವಾಗ ಮಗಳು ಫೋನ್ ಹಿಡಿದುಕೊಂಡು ಬಂದು, ಅಮ್ಮಾ ಒಂದ್ಸಲ ಆಡ್ಸು, ವಿಡಿಯೊ ಮಾಡಿ ಹಾಕಿ ನೋಡೋಣ ಅಂದಳು. ಹೋಗುವ ಮುಂಚೆ ನೀವು ಜಗಳ ತೆಗೆದದ್ದೂ ಆ ಫೋನಿನ ವಿಷಯಕ್ಕೇ. ಅಂಗೈಲಿಟ್ಕೊಂಡು ನೋಡೋದೂ ಒಂದು ಆಟನಾ, ಎದುರಿಗೆ ಜನ ಕೂತು ನಗಬೇಕು ಕಣೇ ಅಂದಿರಿ. ಖಾಲಿ ಕುರ್ಚಿಗಳ ಮುಂದೆ ಆಡಿ ಆಡಿ ನನಗೂ ರೋಸಿಹೋಗಿತ್ತು. ಕುರ್ಚಿ ನಗ್ತಾವಾ ಅಂತ ಕೇಳಿದೆ. ನೀವು ಬ್ಯಾಗು ಎತ್ತಿಕೊಂಡಿರಿ.

ಒಬ್ಬಳೇ ಆಡಿಸಲು ಹೋದರೆ ಅಜ್ಜನ ಎಡಗೈ ಜೋತುಬಿದ್ದು ನೋಡಲಾಗುತ್ತಿರಲಿಲ್ಲ. ಅದನ್ನು ಅವನ ಕೋಟಿನ ಜೇಬಿಗೆ ತುರುಕಿ ಗಟ್ಟಿಯಾಗಿ ಹೊಲಿದುಬಿಟ್ಟೆ. ನಾನು ಮಾಡಿದ್ದು ಅದೊಂದೇ.

ನೋಡುವವರು ಸುಮ್ಮನಿರಬೇಕಲ್ಲ. ಅಜ್ಜ ಜೇಬಲ್ಲಿ ಏನಿಟ್ಕೊಂಡಿದ್ದಾನೆ ಅಂತ ಯಾರೋ ಬರೆದರು. ಅಲ್ಲಿಗೆ ಶುರುವಾಯಿತು. ತೀರಿಹೋದ ಅಜ್ಜಿಯ ಉಂಗುರ ಅಂತ ಒಂದು ಪಂಗಡ, ಯಾರಿಗೂ ಕೊಡದೆ ಬಚ್ಚಿಟ್ಟ ಮಿಠಾಯಿ ಅಂತ ಇನ್ನೊಂದು. ಒಬ್ಬ ಕಾಲೇಜು ಮೇಷ್ಟ್ರಂತೂ ವಿಡಿಯೊಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿ, ಅಜ್ಜ ಸುಳ್ಳು ಹೇಳುವಾಗ ಮಾತ್ರ ಜೇಬು ಅಲುಗುತ್ತದೆ ಎಂದು ಕಂಡುಹಿಡಿದಿದ್ದಾರೆ. ಅದು ಅಲುಗುವುದು ನಮ್ಮ ಟೇಬಲ್ ಫ್ಯಾನಿನ ಗಾಳಿಗೆ. ಒಬ್ಬ ನರ್ಸಮ್ಮ ಹಳೇ ಕಾಲುಚೀಲದಲ್ಲಿ ಪುಟ್ಟ ಗೊಣಗಜ್ಜನನ್ನು ಮಾಡಿ ಮಕ್ಕಳ ವಾರ್ಡಿನಲ್ಲಿ ಆಡಿಸುತ್ತಾರೆ. ಅವನ ಕೈಯೂ ಜೇಬಿನಲ್ಲೇ ಇದೆ. ಆ ವಿಡಿಯೊ ನೋಡಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಜೇಬಿನಲ್ಲಿ ಏನೂ ಇಲ್ಲ, ಕೈ ಆಡಿಸುವವರು ಮನೆ ಬಿಟ್ಟು ಹೋಗಿದ್ದಾರೆ ಎಂದು ಅಷ್ಟು ಜನಕ್ಕೆ ಹೇಗೆ ಹೇಳಲಿ ನಾನು?

ಈಗ ಅವರೆಲ್ಲ ಸೇರಿ ಒಂದು ಸಭಾಂಗಣ ಗೊತ್ತು ಮಾಡಿದ್ದಾರೆ. ಇಪ್ಪತ್ತಮೂರನೇ ತಾರೀಖು, ಭಾನುವಾರ ಸಂಜೆ. ಕುರ್ಚಿಗಳೆಲ್ಲ ಆಗಲೇ ಭರ್ತಿ, ಗೋಡೆಗೊರಗಿ ನಿಂತ್ಕೊಂಡೇ ನೋಡ್ತೀವಿ ಅನ್ನುವವರೂ ಇದ್ದಾರೆ. ನೀವು ಬೇಕು ಬೇಕು ಅನ್ನುತ್ತಿದ್ದ ಜನ ಇವರೇ ಕಣ್ರೀ. ಆ ಫೋನೇ ಅವರನ್ನು ಕರೆದುಕೊಂಡು ಬರುತ್ತಿದೆ. ಅವರದು ಒಂದೇ ಬೇಡಿಕೆ, ಅಂದು ಅಜ್ಜ ಕೈ ಹೊರಗೆ ತೆಗೆಯಬೇಕು. ನಮ್ಮ ಮಗಳು ಹಿಂದೆಮುಂದೆ ನೋಡದೆ ಆಗಲಿ ಎಂದುಬಿಟ್ಟಿದ್ದಾಳೆ. ದುಡುಕುವುದರಲ್ಲಿ ಥೇಟ್ ನೀವೇ.

ಬೇರೆಯವರನ್ನು ನಿಲ್ಲಿಸಿಕೊಂಡು ನೋಡಲಿಲ್ಲ ಎಂದುಕೊಳ್ಳಬೇಡಿ. ನಾಟಕ ಮಾಡುವ ಒಬ್ಬಳು ಹುಡುಗಿ ಬಂದಿದ್ದಳು, ಬಲು ಚುರುಕು. ಆದರೆ ನಾನು ಉಸಿರೆಳೆಯುವಾಗ ಅವಳು ಬಿಡುತ್ತಾಳೆ. ಅಜ್ಜನಿಗೆ ಬಿಕ್ಕಳಿಕೆ ಹಿಡಿದಂತೆ ಕಾಣುತ್ತಿತ್ತು. ಇಬ್ಬರೂ ನಕ್ಕು, ಕಾಫಿ ಕುಡಿದೆವು, ಅವಳನ್ನು ಕಳಿಸಿಕೊಟ್ಟೆ.

ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ, ನೀವು ಬನ್ನಿ. ಬರದಿದ್ದರೆ ಅಂದು ಆ ಕೈ ಹೊರಗೆ ಬರುವುದಿಲ್ಲ, ನಾನೇ ಜನರ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳುತ್ತೇನೆ. ಬೈಯಲಿಕ್ಕಿಲ್ಲ, ಒಳ್ಳೆಯವರು. ಆದರೆ ಅದಾದ ಮೇಲೆ ಅಜ್ಜನನ್ನು ಮತ್ತೆ ಎತ್ತಿಕೊಳ್ಳಲು ನನಗೆ ಮನಸ್ಸು ಬರುತ್ತದೋ ಇಲ್ಲವೋ. ಆಟಕ್ಕೆ ಮಾತ್ರ ಬಂದು ಹೋದರೂ ಸರಿ. ಮನೆಗೂ ಬಂದರೆ ಬೇಡ ಅನ್ನುವವಳಲ್ಲ. ನೀವಿಲ್ಲದೆ ಬೇಜಾರಾಗಿದೆ, ಇದನ್ನು ಮಾತ್ರ ಚುಚ್ಚುವುದಕ್ಕೆ ಹೇಳುತ್ತಿಲ್ಲ.

ಅಜ್ಜ ಜೇಬಿನಿಂದ ಏನು ತೆಗೆಯಬೇಕು ಎಂಬುದು ನನಗೂ ಹೊಳೆದಿಲ್ಲ. ಅದು ನಿಮ್ಮ ಕೈ, ನೀವೇ ತೀರ್ಮಾನಿಸಿ. ನನಗೆ ಮೊದಲೇ ಹೇಳಬೇಡಿ, ಎಲ್ಲರ ಜೊತೆ ನಾನೂ ನೋಡುತ್ತೇನೆ.

ಇತಿ,
ನಿಮ್ಮ ಬಲಗಡೆ ನಿಲ್ಲುವವಳು

ತಾ.ಕ.: ಪ್ರತಿ ವಿಡಿಯೊದ ಕೆಳಗೂ ಹೆಸರು, ಮುಖ ಎರಡೂ ಇಲ್ಲದ ಒಬ್ಬರು ಒಂದೇ ಸಾಲು ಬರೆಯುತ್ತಾರೆ. ಉಂಗುರ, ಮಿಠಾಯಿಯ ಸುದ್ದಿಗೇ ಹೋಗುವುದಿಲ್ಲ. ಕತ್ತು ಬಿಗಿಯಾಗಿದೆ, ಉಸಿರು ಬಿಟ್ಟು ತಿರುಗಿಸು, ಇಷ್ಟೇ. ಹಾಗೆ ಗದರುವವರು ನನಗೆ ಗೊತ್ತಿದ್ದಂತೆ ಪ್ರಪಂಚದಲ್ಲಿ ಒಬ್ಬರೇ. ಮಗಳಿಗೂ ಹೇಳಿಲ್ಲ. ಉತ್ತರ ಹಾಕಿದರೆ ಎಲ್ಲಿ ಬರೆಯುವುದನ್ನು ನಿಲ್ಲಿಸಿಬಿಡುತ್ತೀರೋ ಎಂದು ಹೆದರಿ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಬಿಗಿದಿರುವುದು ಅಜ್ಜನ ಕತ್ತಲ್ಲ, ನನ್ನ ಭುಜ. ಭಾನುವಾರದವರೆಗೆ ಕಾಯಬೇಡಿ, ಕಾಗದ ತಲುಪಿದ ದಿನವೇ ಹೊರಡಿ.