ತಿರುಗಿ ಕೂಗದ ಗೌಜಲಕ್ಕಿ

ನವೆಂಬರ್ ೧೮, ಸೋಮವಾರ

ಮೋನಿಷ, ಮತ್ತೆ ನನ್ನ ಪುಸ್ತಕ ತೆಗೆದೆಯಾ? ನಾಚಿಕೆಗೆಟ್ಟವಳೇ, ಅಜ್ಜಿ ಗೀಚಿದ್ದನ್ನು ಓದುವ ಬದಲು ಪಾಠ ಓದಿದ್ದರೆ ಪಾಸಾದರೂ ಆಗುತ್ತಿದ್ದೆ. ತೆಗೆದದ್ದಾಯಿತು, ಪೂರ್ತಿ ಓದು.

ಲಕ್ವ ಹೊಡೆದು ಮೂರು ತಿಂಗಳಾದರೂ ನಿನ್ನ ತಾತನ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಇವತ್ತು ಮಧ್ಯಾಹ್ನ ನೀನು ಅವರ ಪಕ್ಕ ಕುಳಿತು ಮೊಬೈಲಿನಲ್ಲಿ ಬೇಟೆ ಆಟ ಆಡುತ್ತಿದ್ದೆ. ಹುಲ್ಲಿನೊಳಗಿಂದ ಗೌಜಲಕ್ಕಿಯಂಥದ್ದೊಂದು ಹೊರಬಂದು ಕೂಗಿತು. ಅವರು ತುಟಿ ಕೂಡಿಸಿ ಅದರಂತೆಯೇ ಕೂಗಿದರು! ಹಿಂದೆ ಕೈಲಾಂಚ ಊರಿನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕುಳಿತು, ಹೆಣ್ಣಿನ ದನಿ ತೆಗೆದು, ಗಂಡು ಹಕ್ಕಿಯನ್ನು ಉರುಲಿನವರೆಗೆ ಕರೆಯುತ್ತಿದ್ದರಲ್ಲ, ಅದೇ ಕೂಗು.

ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. “ಇನ್ನೊಂದ್ ಕಿತ ಕೂಗು ಕಣಯ್ಯ, ಬತ್ತದೆ” ಅಂದೆ. ಅವರು ಉಸಿರು ಕಟ್ಟಿ ಆರು ಸಲ ಕೂಗಿದರು. ಹಕ್ಕಿ ತಿರುಗಿಯೂ ನೋಡಲಿಲ್ಲ.

“ತಾತ, ಅದು ಗೇಮು. ನೀನ್ ಕೂಗಿದ್ದು ಅದುಕ್ಕೆ ಕೇಳಾಕಿಲ್ಲ” ಅಂತ ನಕ್ಕು, ನೀನು ಅದಕ್ಕೆ ಗುಂಡು ಹೊಡೆದೆ.

ಅವರು ಗೋಡೆಯ ಕಡೆ ಮುಖ ಮಾಡಿದರು. ತಮ್ಮ ಕೂಗೂ ಕೆಟ್ಟುಹೋಯಿತು ಅಂದುಕೊಂಡಿದ್ದಾರೆ. ರಾತ್ರಿ ಗಂಜಿಗೂ ಬಾಯಿ ತೆರೆಯಲಿಲ್ಲ. ಅವರಿಗೆ “ಕೂಗು” ಅಂದವಳು ನಾನು. ಮೂರು ತಿಂಗಳು ಕಾದಿದ್ದ ದನಿಯನ್ನು ಒಂದೇ ಮಧ್ಯಾಹ್ನದಲ್ಲಿ ನಾನೇ ಮುಚ್ಚಿಸಿಬಿಟ್ಟೆ.

ಎದುರಿಗೆ ಕೇಳಿದರೆ ನೀನು ನಗುತ್ತೀಯ. ಮೊಬೈಲಿನ ಆ ಹಕ್ಕಿ ಅವರ ಕೂಗಿಗೆ ತಿರುಗಿ ಕೂಗುವ ಹಾಗೆ ಮಾಡಲು ಬರುತ್ತದೆಯೋ ಇಲ್ಲವೋ, ಈ ಪುಟದ ಕೆಳಗೆ ಬರೆ. ಅವರು ಹೀಗೇ ಮಲಗಿಬಿಟ್ಟರೆ... ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.