ಅಂಗೈ ತುಂಬದ ಮೀನು

ಮೇ 9, ಬೆಳಿಗ್ಗೆ
ಇವತ್ತೂ ಬಕೆಟ್ ತುಂಬ ಬ್ಲೂಗಿಲ್ ಮೀನು. ಎರೆಹುಳು ನೀರು ಮುಟ್ಟುವುದೇ ತಡ, ಬೆಂಡು ಮುಳುಗುತ್ತದೆ. ಇಡೀ ಅಲಬಾಮಾದಲ್ಲಿ ನನ್ನಷ್ಟು ಬೇಗ ಬಕೆಟ್ ತುಂಬಿಸುವವನಿದ್ದರೆ ಬರಲಿ, ನೋಡೋಣ.

ವರ್ನೆಲ್ ಬಂದು ಇಣುಕಿದಳು. ಅಕ್ಕ ತೀರಿಕೊಂಡ ಮೇಲೆ ಕೊಳ ಅವಳ ಮಗಳಾದ ಇವಳದೇ.

"ಮಾಮ, ಇವು ಮೀನಾ ಬಿಸ್ಕತ್ತಾ? ಒಂದೂ ಅಂಗೈ ತುಂಬಲ್ಲ. ಮುಂದಿನ ವರ್ಷಾನೂ ಹಿಂಗೇ ಇದ್ರೆ ಕೊಳ ಮುಚ್ಚಿಸಿ ಹುಲ್ಲು ಬೆಳೀತೀನಿ."

ತಮಾಷೆಗೆ ಹೇಳಿದ್ದಲ್ಲ. ಮುಖ ನೋಡಿದೆ.

ಮೇ 14
ಮೀನು ಇಲಾಖೆಯ ಹುಡುಗಿ ಬಲೆ ಎಳೆದು ನೋಡಿದಳು. "ಬ್ಯಾಸೇ ಇಲ್ವಲ್ಲ. ಮರಿ ತಿನ್ನೋ ಆ ಮೀನಿಲ್ಲ ಅಂದ್ರೆ ಬ್ಲೂಗಿಲ್ ಗಿಜಿಗುಡುತ್ವೆ, ಮೇವು ಸಾಲದೆ ಗಿಡ್ಡ ಉಳೀತ್ವೆ. ದೊಡ್ಡ ಬ್ಯಾಸ್‌ನೆಲ್ಲ ಹಿಡಿದೋರ್ಯಾರು?"

ವರ್ನೆಲ್ ನನ್ನ ವರಾಂಡದ ಗೋಡೆ ನೋಡಿದಳು. ಸಾಲಾಗಿ ಫೋಟೋಗಳು, ಒಂದೊಂದರಲ್ಲೂ ನಾನು, ಕೈಯಲ್ಲಿ ಬ್ಯಾಸ್... ಒಳ್ಳೆಯ ಫೋಟೋಗಳು. ನನ್ನ ಗಾಳಕ್ಕೇ ಬಂದು ಬಿದ್ದರೆ ಯಾರೇನು ಮಾಡಲಾಗುತ್ತದೆ?

ಜೂನ್ 2
ಬ್ಯಾಸ್ ಮರಿ ತಂದು ಬಿಟ್ಟಾಯಿತು. ಇನ್ನು ಬ್ಯಾಸ್ ಸಿಕ್ಕರೆ ನೀರಿಗೆ ವಾಪಸ್. ಪುಟ್ಟ ಬ್ಲೂಗಿಲ್ ಮಾತ್ರ ವಾಪಸ್ ಬಿಡುವಂತಿಲ್ಲ. ಹುಟ್ಟಿದಾಗಿನಿಂದ ಮಾಡಿದ್ದರ ತಲೆಕೆಳಗು. ಕರಿದು ತಿಂದು ನಾಲಿಗೆ ಸತ್ತಿದೆ. ಮಿಕ್ಕಿದ್ದು ಟೊಮೇಟೊ ಬುಡಕ್ಕೆ.

ಆಗಸ್ಟ್ 30
ಪಕ್ಕದ ಡಾಯ್ಲ್ ಬೇಲಿಯಾಚೆಯಿಂದಲೇ ಶುರು. "ಏನಯ್ಯ, ಗೋಡೆಗೆ ಈ ವರ್ಷ ಹೊಸ ಫೋಟೋನೇ ಇಲ್ಲ?" ಬ್ಯಾಸ್ ಸುದ್ದಿ ಕಿವಿಗೆ ಬಿದ್ದರೆ, ಯಾರ ಕೊಳವಾದರೂ ಸರಿ, ಬೆಳಕು ಹರಿಯುವ ಮೊದಲೇ ದೋಣಿ ಇಳಿಸುವ ಆಸಾಮಿ.

ಮೇ 6, ಮರುವರ್ಷ
ವರ್ನೆಲ್ ಬಂದಳು. ಬ್ಲೂಗಿಲ್ ಒಂದನ್ನು ಅಂಗೈ ಮೇಲಿಟ್ಟುಕೊಂಡಳು. ಬಾಲ ಮಣಿಕಟ್ಟು ದಾಟಿತು.

"ಪರ್ವಾಗಿಲ್ಲ ಮಾಮ. ಬ್ಯಾಸ್ ಉಳಿದಿರೋ ತನಕ ಕೊಳಾನೂ ಇರತ್ತೆ."

ಮೇ 7, ಸಂಜೆ
ಕೋಲು ಬಿಲ್ಲಿನಂತೆ ಬಾಗಿತು. ಬ್ಯಾಸ್. ಇಲಾಖೆಯ ಬಲೆಗೂ ಸಿಗದೆ ಎಲ್ಲೋ ಬುಡದಲ್ಲಿ ಕೂತಿದ್ದ ಹಳೆಯದು. ಗೋಡೆಯ ಮೇಲಿರುವವೆಲ್ಲ ಇದರ ಮುಂದೆ ಮರಿಗಳು. ಎದೆಗಪ್ಪಿ ಹಿಡಿದೆ. ವರಾಂಡದಲ್ಲಿ ಕ್ಯಾಮೆರಾ...

ನೀರಿಗೆ ಬಿಟ್ಟೆ. ಒಂದು ಕ್ಷಣ ಅಲ್ಲೇ ನಿಂತಿತ್ತು. ಹೋಯಿತು.

ಬೇಲಿಯ ಹತ್ತಿರ ಡಾಯ್ಲ್. "ಏನಾದ್ರೂ ಬಿತ್ತಾ?"

"ಇಲ್ಲ. ಬರೀ ಪಾಚಿ."

"ಅಂಗಿಯೆಲ್ಲ ಒದ್ದೆ?"

"ಕಾಲು ಜಾರ್ತು."

"ವಯಸ್ಸಾಯ್ತು ಕಣಯ್ಯ ನಿಂಗೆ. ಇನ್ನು ಮೊಮ್ಮಕ್ಕಳ ಜೊತೆ ಕೂತ್ಕೋ."

ಹೂಂ ಅಂದೆ. ನಾನು, ಡಾಯ್ಲ್‌ಗೆ, ಹೂಂ ಅಂದೆ.

ಇಲ್ಲಾದರೂ ಬರೆದಿಡಬೇಕು. ಆ ಬ್ಯಾಸ್ ಬಾಯಿ ತೆರೆದರೆ ನನ್ನ ಮುಷ್ಟಿ ಸಲೀಸಾಗಿ ಒಳಹೋಗುತ್ತಿತ್ತು. ಉದ್ದ ಎಂದರೆ—